ಒಲೆಯೂ ಅದರ ಮುಂದೆ ಕುಳಿತವರೂ

ಕೊಳ್ಳುವ ಶಕ್ತಿಯೊಡಗೂಡಿದ ಬಯಕೆಯೇ ಬೇಡಿಕೆ ಎಂದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿಯೇ ನಾವು ಓದುತ್ತೇವೆ. ಆದರೆ ಒಂದು ವಸ್ತುವಿನಿಂದ ಬಳಕೆದಾರರಿಗೆ ನಿಜವಾಗಿ ಬೇಕಾದುದೇನು? ಬೇಡಿಕೆಯ ರೇಖೆಯು ಇದನ್ನು ಹೇಳಲಾರದು. ಮನೆಮನೆಯಲ್ಲಿರುವ ಒಲೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ಕೊಂಚ ವಿಚಾರಿಸೋಣ.

ಅಡುಗೆಮನೆಯ ಹೊಗೆ ಅಲ್ಪವಾದ ವಿಷಯವಲ್ಲ. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮಗಳ ಉಪಯೋಗಕ್ಕೆಂದೇ 1974ರಲ್ಲಿ ‘ಅಸ್ತ್ರ’ ಎಂಬ ಘಟಕವು ಸ್ಥಾಪಿತವಾಯಿತು. ಅದು ರೂಪಿಸಿದ ‘ಅಸ್ತ್ರ ಒಲೆ’ಯು ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವಂಥದು. 1983ರಲ್ಲಿ ಭಾರತ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. 2002ರಲ್ಲಿ ಅದು ನಿಲ್ಲುವ ವೇಳೆಗೆ ದೇಶದಲ್ಲಿ ಮೂರು ಕೋಟಿಗೂ ಮೇಲ್ಪಟ್ಟು ಒಲೆಗಳು ಲೆಕ್ಕಕ್ಕೆ ಬಂದಿದ್ದವು. ಬಳಕೆಗೆ ಉಳಿದವು ಎಷ್ಟೋ ಕಡಿಮೆ.

ಹಳ್ಳಿಯ ಹೆಂಗಸರ ಅಜ್ಞಾನವೇ ಇದಕ್ಕೆ ಕಾರಣವೆಂದುಬಿಡುವುದು ಸುಲಭ. ಸೌದೆ ಒಲೆಯ ಮನೆಯಲ್ಲಿ ಬೆಳೆದ ನಾನು ಇದನ್ನು ಒಪ್ಪಲಾರೆ. ನಮ್ಮ ಕಡೆ ರಾಗಿಮುದ್ದೆಯಾಗಬೇಕಾದರೆ ಕುದಿಯುವ ಎಸರಿಗೆ ಹಿಟ್ಟು ಸುರಿದು, ಪಾತ್ರೆಯನ್ನು ಅಲುಗದಂತೆ ಹಿಡಿದು, ಮುದ್ದೆಕೋಲಿನಿಂದ ಮೈಯ ಬಲವನ್ನೆಲ್ಲ ಬಿಟ್ಟು ತಿರುವಬೇಕು. ಒಲೆಯ ಅಂಚು ಆ ಪೆಟ್ಟನ್ನು ತಾಳಬೇಕು. ಮನೆಗೆ ನೆಂಟರು ಬಂದ ದಿನ ದೊಡ್ಡ ಪಾತ್ರೆ ಏರಬೇಕು. ಅಳತೆಯ ಬಾಯಿಯುಳ್ಳ ಒಲೆಗೆ ಅದು ಕೂರದು. ಸಿಕ್ಕ ಸೌದೆಯನ್ನು ಉದ್ದುದ್ದಕ್ಕೇ ತುರುಕುವುದು ಹಳೆಯ ಒಲೆಯ ಪದ್ಧತಿ; ಹೊಸದಕ್ಕೆ ಸಣ್ಣಗೆ ಸೀಳಬೇಕು. ಸೀಳುವವರಾರು? ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯುವವರಾರು? ಇನ್ನು ಹೊಗೆಗೂ ಒಂದು ಉಪಯೋಗವಿತ್ತು. ಬಿತ್ತನೆಗೆಂದು ಒಲೆಯ ಮೇಲೆ ತೂಗುಹಾಕಿದ ತೆನೆಗಳಿಗೆ ಅದರಿಂದ ಹುಳು ಹತ್ತುತ್ತಿರಲಿಲ್ಲ. ಹೊಗೆ ಇರಲೆಂದು ನನ್ನ ವಾದವಲ್ಲ. ಅದು ಹೋಗಲೇಬೇಕು. ಅದರೊಡನೆ ಹೋಗುವುದು ಇನ್ನೇನೆಂದು ಮೊದಲೇ ಕೇಳಬೇಕಾಗಿತ್ತು.

‘ಎಂಥ ಒಲೆ ಬೇಕವ್ವ?’ ಎಂದು ನಮ್ಮ ತಾಯಿಯನ್ನು ಒಮ್ಮೆ ಕೇಳಿದೆ. ‘ಸೌದೆಗೆ ನಾನೇ ಹೋಗಬಾರದು, ಅಂಥದು’ ಎಂದರು. ಶಾಖದ ಲೆಕ್ಕವನ್ನು ನಿರೀಕ್ಷಿಸಿದ್ದ ನನಗೆ ಸುಮ್ಮನಿರಬೇಕಾಯಿತು.

ಇಲ್ಲಿ ಇನ್ನೊಂದು ತೊಡಕೂ ಇದೆ. ಒಲೆಗೆ ಹಣ ಕೊಟ್ಟುದು ಬಹುಪಾಲು ಸರ್ಕಾರ, ಒಪ್ಪಿಗೆ ಕೊಟ್ಟವನು ಮನೆಯ ಯಜಮಾನ, ಎಣಿಸಿದವರು ಅಧಿಕಾರಿಗಳು; ಬೇಯಿಸಿದವಳು ಮತ್ತೊಬ್ಬಳು. ಈ ನಾಲ್ವರಲ್ಲಿ ಗ್ರಾಹಕನಾರು?

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯು ಗ್ಯಾಸ್ ಸಂಪರ್ಕವನ್ನು ಮನೆಯ ಮಹಿಳೆಯ ಹೆಸರಿಗೇ ಕೊಟ್ಟಿತು. ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ 14.2 ಕಿಲೋ ಸಿಲಿಂಡರು ತೀರಿದಾಗ ಅದರ ಹಣವನ್ನು ಒಟ್ಟಿಗೇ ಎಣಿಸಬೇಕು. ಕೂಲಿಯ ಹಣ ಬರುವುದು ದಿನಕ್ಕಿಷ್ಟು, ವಾರಕ್ಕಿಷ್ಟು. ಆದುದರಿಂದಲೇ ನಮ್ಮ ಬೀದಿಯ ಅನೇಕ ಮನೆಗಳಲ್ಲಿ ಟೀ ಗ್ಯಾಸಿನ ಮೇಲೆ, ಮುದ್ದೆಯೂ ಸ್ನಾನದ ನೀರೂ ಸೌದೆಯ ಮೇಲೆ. 2018ರಿಂದ ಈ ಯೋಜನೆಯವರಿಗೆ 5 ಕಿಲೋ ಸಿಲಿಂಡರನ್ನು ಆಯ್ದುಕೊಳ್ಳುವ ಅವಕಾಶವಾಯಿತು. ಅನಿಲ ಅದೇ, ಉರಿಯೂ ಅದೇ. ಒಂದು ಸಲಕ್ಕೆ ಕೊಡಬೇಕಾದ ಮೊತ್ತ ಮಾತ್ರ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯಿತು.