ಕಾರ್ಡ್ ಕಳೆದರೆ ಮೊದಲು ಹುಡುಕಬೇಡಿ

ಹೋದ ತಿಂಗಳು ಎರಡನೇ ಶನಿವಾರದ ಹಿಂದಿನ ದಿನ. ಅಬ್ಬ ಬೆಳ್ಳಂದೂರಿನಲ್ಲಿ ಜುಮ್ಮಾ ನಮಾಜ್ ಮುಗಿಸಿ, 500ಡಿ ಬಸ್ ಹತ್ತಿ ಮಾರತ್ತಹಳ್ಳಿ ಸೇತುವೆ ಬಳಿ ಇಳಿದರು. ಜೇಬು ತಡಕಿದರೆ ಪರ್ಸ್ ಇಲ್ಲ. ಅದರಲ್ಲಿ ಮುನ್ನೂರು ರೂಪಾಯಿ, ಡ್ರೈವಿಂಗ್ ಲೈಸೆನ್ಸ್, ಒಂದು ಕ್ರೆಡಿಟ್ ಕಾರ್ಡ್ ಇದ್ದವು.

ಯಾರಾದರೂ ಮಾಡುವುದನ್ನೇ ಅಬ್ಬ ಮಾಡಿದರು. ಹುಡುಕಿದರು. ಇಳಿದ ಜಾಗ, ಟೀ ಅಂಗಡಿ, ಹಿಂದಿನ ಸ್ಟಾಪಿನವರೆಗೂ ನಡೆದುಹೋದರು. ಮನೆಗೆ ಬಂದು ಹೇಳುವಾಗ ನಾಲ್ಕು ಗಂಟೆ. ಅವರ ಫೋನ್ ತೆಗೆದು ನೋಡಿದೆ. ಎರಡು ಮೆಸೇಜ್: 4,800 ರೂಪಾಯಿ, 4,950 ರೂಪಾಯಿ.

ಎರಡೂ ಐದು ಸಾವಿರದೊಳಗೆ ಏಕೆ ಎಂದು ಆಗ ಹೊಳೆಯಲಿಲ್ಲ. 2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ, ಕಾರ್ಡನ್ನು ಯಂತ್ರಕ್ಕೆ ತಾಗಿಸಿಯೇ ಹಣ ಕೊಡಬಹುದು. ಬೇಡವೆಂದರೆ ಬ್ಯಾಂಕಿನ ಆ್ಯಪ್‌ನಲ್ಲಿ ಈ ಸೌಲಭ್ಯವನ್ನು ಆಫ್ ಮಾಡಬಹುದು. ನಾವು ಮಾಡಿರಲಿಲ್ಲ.

ಬ್ಯಾಂಕಿಗೆ ಫೋನ್ ಮಾಡೋಣವೆಂದರೆ ನಂಬರ್ ಇದ್ದದ್ದು ಕಾರ್ಡಿನ ಹಿಂದೆ! ಅಣ್ಣ ಗೂಗಲ್‌ನಲ್ಲಿ ಹುಡುಕಲು ಹೊರಟ. ಬೇಡವೆಂದೆ, ಅಲ್ಲಿ ವಂಚಕರು ಹಾಕಿದ ನಕಲಿ ನಂಬರ್‌ಗಳೂ ಇರುತ್ತವೆ. ಹಳೆಯ ಸ್ಟೇಟ್‌ಮೆಂಟಿನಲ್ಲಿ ನಂಬರ್ ಸಿಕ್ಕಿತು. 4.10ಕ್ಕೆ ಕಾರ್ಡ್ ಬ್ಲಾಕ್ ಆಯಿತು. ದೂರಿನ ಸಂಖ್ಯೆ, ಸಮಯ ಎರಡನ್ನೂ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲೇ ಬರೆದುಕೊಂಡೆ. 4.25ಕ್ಕೆ ಇನ್ನೊಂದು ಮೆಸೇಜ್ ಬಂತು: 4,900 ರೂಪಾಯಿ, ಪಾವತಿ ತಿರಸ್ಕೃತ. ಆಮೇಲೆ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ ದೂರು ಕೊಟ್ಟೆವು.

ಆ ರಾತ್ರಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಓದಿದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದರೆ, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ ರಜೆ ಕಳೆದರೆ ನಮಗೆ ಬುಧವಾರದವರೆಗೆ ಸಮಯವಿತ್ತು. ನಾಲ್ಕರಿಂದ ಏಳು ದಿನವಾದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗ್ರಾಹಕರ ಹೊಣೆ ಹೆಚ್ಚೆಂದರೆ 10,000 ರೂಪಾಯಿ.

ಓದಿ ನಿರಾಳವಾಯಿತು, ಆದರೆ ಮುಂದಿನ ಸಾಲು ಬೇರೆಯೇ ಇತ್ತು. ಪಿನ್ ಅನ್ನು ಇನ್ನೊಬ್ಬರಿಗೆ ಕೊಟ್ಟಂಥ ಅಜಾಗರೂಕತೆ ಗ್ರಾಹಕರದಾಗಿದ್ದರೆ ಮೂರು ದಿನದ ಮಾತೇ ಇಲ್ಲ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಮೂರು ದಿನ ಇದೆಯಲ್ಲ ಎಂದು ಕೂತವರು ಸಿಕ್ಕಿಬೀಳುವುದು ಇಲ್ಲೇ.

ಕಾರ್ಡ್ ಕಳೆದುಕೊಂಡದ್ದೇ ನಿಮ್ಮ ಅಜಾಗರೂಕತೆ ಎಂದು ಬ್ಯಾಂಕಿನವರು ವಾದಿಸಿದರು. ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದು ಎಂದು ಅದೇ ಸುತ್ತೋಲೆಯಲ್ಲಿದೆ. ಅಬ್ಬನ ಹೆಸರಿನಲ್ಲಿ ಹಾಗೆಯೇ ಪತ್ರ ಬರೆದೆ. ಅಬ್ಬ ಸಹಿ ಹಾಕುತ್ತಾ, "ಮೊದಲೇ ನಿನಗೆ ಫೋನ್ ಮಾಡಬೇಕಿತ್ತು ಬೇಟಿ" ಎಂದರು.

ಪತ್ರ ಕೊಟ್ಟು ಇಂದಿಗೆ ಇಪ್ಪತ್ತೆರಡು ದಿನ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ದೂರಿನ ಕರಡು ಸಿದ್ಧವಾಗಿದೆ. ಬ್ಯಾಂಕಿನ ನಂಬರನ್ನು ಈಗ ಮನೆಯ ನಾಲ್ಕೂ ಫೋನ್‌ಗಳಲ್ಲಿ ಸೇವ್ ಮಾಡಿದ್ದೇನೆ.