ಗರ್ಭಕೋಶ ತೆಗೆದ ಮೇಲೂ ರಕ್ತ ಕಂಡರೆ



ಗರ್ಭಕೋಶ ತೆಗೆದ ಮೇಲೆ ಮುಟ್ಟು ನಿಲ್ಲುತ್ತದೆ. ಹಾಗೆಂದು ಯೋನಿಯಿಂದ ಇನ್ನೆಂದೂ ರಕ್ತ ಬರುವುದಿಲ್ಲ ಎಂದೇನಿಲ್ಲ. ಯೋನಿಮಾರ್ಗ ಇದ್ದ ಹಾಗೆಯೇ ಇರುತ್ತದೆ. ಅದರ ಮೇಲ್ತುದಿಯಲ್ಲಿ, ಗರ್ಭಕಂಠ ಇದ್ದ ಜಾಗವನ್ನು ಒಳಗಿನಿಂದ ಹೊಲಿದು ಮುಚ್ಚಿರುತ್ತಾರೆ. ಆ ಹೊಲಿಗೆ, ಸುತ್ತಲಿನ ಚರ್ಮ, ಕೆಲವರಲ್ಲಿ ಉಳಿಸಿರುವ ಗರ್ಭಕಂಠ, ಇವುಗಳಲ್ಲಿ ಯಾವುದರಿಂದ ಬೇಕಾದರೂ ರಕ್ತ ಬರಬಹುದು. ಬಹುಪಾಲು ಸಂದರ್ಭಗಳಲ್ಲಿ ಕಾರಣ ಸಣ್ಣದು, ಚಿಕಿತ್ಸೆಯೂ ಸುಲಭ. ಆದರೆ ಅದು ಸಣ್ಣದೇ ಎಂಬುದು ಒಳಗೆ ನೋಡಿದ ಮೇಲಷ್ಟೇ ಗೊತ್ತಾಗುವ ಮಾತು. ಮನೆಯಲ್ಲಿ ಕೂತು ಊಹಿಸುವುದಕ್ಕೆ ಬರುವುದಿಲ್ಲ.

ಮೊದಲ ನಾಲ್ಕರಿಂದ ಆರು ವಾರ ಸ್ವಲ್ಪ ಸ್ರಾವ ಇರುವುದು ಸಹಜ. ಒಳಗಿನ ಹೊಲಿಗೆಗೆ ಬಳಸುವುದು ತಾನಾಗಿಯೇ ಕರಗುವ ದಾರ. ಗಾಯ ಮಾಯುತ್ತ ದಾರ ಕರಗುವ ಹೊತ್ತಿಗೆ ತಿಳಿಗೆಂಪು ಅಥವಾ ಕಂದು ಬಣ್ಣದ ಕಲೆ ಕಾಣುತ್ತದೆ. ಒಮ್ಮೊಮ್ಮೆ ದಾರದ ಚೂರೂ ಬೀಳುತ್ತದೆ. ಗಮನಿಸಬೇಕಾದದ್ದು ಅದು ದಿನದಿನಕ್ಕೆ ಕಡಿಮೆಯಾಗುತ್ತಿದೆಯೇ ಎಂಬುದನ್ನು. ಕಡಿಮೆಯಾಗಿದ್ದ ಸ್ರಾವ ಎರಡನೇ ವಾರದ ಸುಮಾರಿಗೆ ಮತ್ತೆ ಕೆಂಪಗೆ ಹೆಚ್ಚಾದರೆ, ಜೊತೆಗೆ ಜ್ವರ, ಕೆಟ್ಟ ವಾಸನೆ, ಕೆಳಹೊಟ್ಟೆ ನೋವು ಇದ್ದರೆ ಸೋಂಕು ತಗುಲಿರಬಹುದು, ಇಲ್ಲವೇ ಹೊಲಿಗೆಯ ಮೇಲ್ಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರಬಹುದು. ಆಗ ಮುಂದಿನ ತಪಾಸಣೆಯ ತಾರೀಖಿನವರೆಗೆ ಕಾಯಬಾರದು.

ತುರ್ತಿನ ಲಕ್ಷಣಗಳೇ ಬೇರೆ. ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ದೊಡ್ಡ ಗಡ್ಡೆಗಳು, ತಲೆಸುತ್ತು, ಮೈ ತಣ್ಣಗಾಗಿ ಬೆವರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಅಪರೂಪಕ್ಕೆ ಮೇಲ್ತುದಿಯ ಹೊಲಿಗೆಯೇ ಬಿಟ್ಟುಕೊಳ್ಳುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಇದು ತುಸು ಹೆಚ್ಚು. ಬಹಳ ಸಲ ಆಗುವುದು ಗಾಯ ಪೂರ್ತಿ ಮಾಯುವ ಮೊದಲೇ ಲೈಂಗಿಕ ಸಂಪರ್ಕ ನಡೆದಾಗ. ಏನೋ ಹರಿದಂತಾಗಿ ಥಟ್ಟನೆ ನೋವು ಬರುತ್ತದೆ, ರಕ್ತವೋ ನೀರೋ ಇಳಿಯುತ್ತದೆ. ಕರುಳು ಕೆಳಗೆ ಜಾರಿ ಕಾಣಿಸಿದರೆ ಅದನ್ನು ಒಳಗೆ ತಳ್ಳಬಾರದು. ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ, ಮಲಗಿದಲ್ಲೇ ಇದ್ದು, ಏನನ್ನೂ ತಿನ್ನದೆ ಕುಡಿಯದೆ ಆಸ್ಪತ್ರೆಗೆ ಹೋಗಬೇಕು. ಆರರಿಂದ ಎಂಟು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಸಂಪರ್ಕ ಬೇಡ, ಭಾರ ಎತ್ತುವುದು ಬೇಡ ಎಂದು ವೈದ್ಯರು ಹೇಳುವುದು ಇದಕ್ಕೇ. ಇದು ಗಂಡನ ಕಿವಿಗೂ, ಕೊಡ ಹೊರಲು ಹೇಳುವ ಮನೆಯ ಉಳಿದವರ ಕಿವಿಗೂ ಬೀಳಬೇಕಾದ ಮಾತು. ಹೆಣ್ಣಿಗೊಬ್ಬಳಿಗೇ ಹೇಳಿ ಕಳಿಸಿದರೆ ಪಾಲಿಸುವುದು ಅವಳೊಬ್ಬಳ ಕೈಯಲ್ಲಿರುವುದಿಲ್ಲ.

ಕೆಲವು ವಾರ, ತಿಂಗಳುಗಳ ನಂತರ ಒಳಉಡುಪಿನ ಮೇಲೆ ಕಲೆ ಕಂಡು ಮಹಿಳೆಯರು ಗಾಬರಿಯಾಗಿ ಬರುವುದಕ್ಕೆ ಸಾಮಾನ್ಯ ಕಾರಣ ಗ್ರ್ಯಾನ್ಯುಲೇಷನ್ ಅಂಗಾಂಶ. ಗಾಯ ಮಾಯುವಾಗ ಹೊಲಿಗೆಯ ಸಾಲಿನಲ್ಲಿ ಮಾಂಸ ಅಗತ್ಯಕ್ಕಿಂತ ಹೆಚ್ಚು ಬೆಳೆದು ನಿಲ್ಲುತ್ತದೆ. ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು ದೀಪ ಹಿಡಿದರೆ ಯೋನಿಯ ಕೊನೆಯಲ್ಲಿ ಕಡುಗೆಂಪಾದ, ಒದ್ದೆಯಾದ ಸಣ್ಣ ಗಂಟು ಕಾಣುತ್ತದೆ. ಹತ್ತಿ ತಾಗಿದರೆ ಸಾಕು, ರಕ್ತ ಜಿನುಗುತ್ತದೆ. ವೈದ್ಯರು ಸಿಲ್ವರ್ ನೈಟ್ರೇಟ್ ಹಚ್ಚಿದ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಗಂಟು ಬೂದು ಬಣ್ಣಕ್ಕೆ ತಿರುಗುತ್ತದೆ, ಸುಡುವ ನೋವು ಹೆಚ್ಚಿನವರಿಗೆ ಅಷ್ಟಾಗಿ ಇರುವುದಿಲ್ಲ. ಮುಂದಿನ ಒಂದೆರಡು ದಿನ ಕಪ್ಪು ಮಿಶ್ರಿತ ಸ್ರಾವ ಬಂದರೆ ಹೆದರಬೇಕಿಲ್ಲ. ಒಂದು ಸಲಕ್ಕೆ ಹೋಗದಿದ್ದರೆ ಮತ್ತೆ ಹಚ್ಚುತ್ತಾರೆ. ಆದರೂ ಮರುಕಳಿಸುತ್ತಲೇ ಇದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದೇ ಸರಿ. ಏಕೆಂದರೆ ಹೊಲಿಗೆಯ ಸಂದಿಯಲ್ಲಿ ಅಪರೂಪಕ್ಕೆ ಇಣುಕುವ ಅಂಡನಾಳದ ತುದಿಯೂ ನೋಡಲು ಹೀಗೆಯೇ ಇರುತ್ತದೆ.

ಆಪರೇಷನ್ ಆದ ಮೇಲೂ ತಿಂಗಳಿಗೊಮ್ಮೆ ತಪ್ಪದೆ ಕಲೆ ಕಾಣುವವರೂ ಇದ್ದಾರೆ. ಗರ್ಭಕೋಶದ ಮೇಲ್ಭಾಗ ಮಾತ್ರ ತೆಗೆದು ಗರ್ಭಕಂಠ ಉಳಿಸಿದ್ದರೆ, ಅದಕ್ಕೆ ಅಂಟಿಕೊಂಡು ಒಳಪೊರೆಯ ತುಣುಕೊಂದು ಉಳಿದಿರಬಹುದು. ಅಂಡಾಶಯಗಳು ಕೆಲಸ ಮಾಡುತ್ತಿರುವವರೆಗೆ ಅದು ಮುಟ್ಟಿನ ಲಯಕ್ಕೆ ಸರಿಯಾಗಿ ರಕ್ತ ಬಿಡುತ್ತದೆ. ಇಂಥವರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಮೊದಲಿನಂತೆ ಮುಂದುವರಿಯಬೇಕು. ಎಂಡೋಮೆಟ್ರಿಯೋಸಿಸ್ (ಒಳಪೊರೆಯಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವ ತೊಂದರೆ) ಇದ್ದವರಲ್ಲಿ ಯೋನಿಯ ತುದಿಯಲ್ಲಿ ಉಳಿದ ಅಂಥ ಅಂಗಾಂಶದಿಂದಲೂ ಹೀಗೆ ಆಗುವುದುಂಟು.

ವರ್ಷಗಳ ನಂತರದ ರಕ್ತಕ್ಕೆ ಹೆಚ್ಚಾಗಿ ಕಾರಣ ಒಣಗುವಿಕೆ. ಅಂಡಾಶಯಗಳನ್ನೂ ತೆಗೆದಿದ್ದರೆ, ಅಥವಾ ಮುಟ್ಟು ನಿಲ್ಲುವ ವಯಸ್ಸು ದಾಟಿದ್ದರೆ, ಈಸ್ಟ್ರೋಜನ್ ಇಲ್ಲದೆ ಯೋನಿಯ ಗೋಡೆ ತೆಳುವಾಗುತ್ತದೆ. ಸಂಪರ್ಕದ ನಂತರ ಉರಿ, ಒಂದೆರಡು ಹನಿ ರಕ್ತ. ವೈದ್ಯರು ಬರೆದುಕೊಡುವ ಈಸ್ಟ್ರೋಜನ್ ಕ್ರೀಮ್ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಗೀರೂ ಹೆಚ್ಚು ಸೋರುತ್ತದೆ. ಮೂತ್ರದ ದಾರಿಯ ರಕ್ತವನ್ನೋ ಮೂಲವ್ಯಾಧಿಯ ರಕ್ತವನ್ನೋ ಯೋನಿಯದ್ದೆಂದು ತಿಳಿಯುವುದೂ ಸಾಮಾನ್ಯ.

ಕ್ಯಾನ್ಸರ್ ಎಂಬ ಭಯ ಎಲ್ಲರಿಗೂ ಮೊದಲು ಬರುತ್ತದೆ. ಗರ್ಭಕೋಶ ತೆಗೆದದ್ದು ಗಡ್ಡೆಗೋ ಅತಿಸ್ರಾವಕ್ಕೋ ಆಗಿದ್ದರೆ ಆ ಸಾಧ್ಯತೆ ಕಡಿಮೆ. ತೆಗೆದದ್ದೇ ಕ್ಯಾನ್ಸರ್‌ಗೆ, ಅಥವಾ ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡಿದ್ದಕ್ಕೆ ಆಗಿದ್ದರೆ, ಒಂದು ಹನಿ ರಕ್ತವನ್ನೂ ಕಡೆಗಣಿಸುವಂತಿಲ್ಲ. ಅಂಥವರಲ್ಲಿ ಹಲವರಿಗೆ ವರ್ಷಗಟ್ಟಲೆ ಯೋನಿತುದಿಯ ಸ್ಮಿಯರ್ ಪರೀಕ್ಷೆ ಬೇಕಾಗುತ್ತದೆ.

ಈ ಎಲ್ಲ ವ್ಯತ್ಯಾಸಗಳೂ ನಿಂತಿರುವುದು ಒಂದು ಕಾಗದದ ಮೇಲೆ. ಗರ್ಭಕಂಠ ತೆಗೆದರೇ ಉಳಿಸಿದರೇ, ಅಂಡಾಶಯ ಎರಡೂ ಇವೆಯೇ, ಯಾವ ಕಾರಣಕ್ಕೆ ಆಪರೇಷನ್, ಬಯಾಪ್ಸಿಯಲ್ಲಿ ಏನು ಬಂತು, ಇವು ಡಿಸ್ಚಾರ್ಜ್ ಸಮ್ಮರಿಯಲ್ಲೂ ಪೆಥಾಲಜಿ ವರದಿಯಲ್ಲೂ ಇರುತ್ತವೆ. ‘ಗರ್ಭಚೀಲ ತೆಗೆದರು’ ಎಂಬುದಕ್ಕಿಂತ ಹೆಚ್ಚು ತಿಳಿಯದ ಮಹಿಳೆಯರು ನಮ್ಮಲ್ಲಿ ಬಹಳ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 3.2ರಷ್ಟು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಆಂಧ್ರಪ್ರದೇಶದಲ್ಲಿ ಅದು ಶೇ. 8.9. ಇವರಲ್ಲಿ ಎಳೆಯ ವಯಸ್ಸಿನಲ್ಲೇ ತೆಗೆಸಿಕೊಂಡವರು ಇನ್ನೂ ಮೂವತ್ತು ನಲವತ್ತು ವರ್ಷ ಬಾಳಬೇಕು. ಕಾಗದ ಕೇಳಿ ಪಡೆಯುವುದು ರೋಗಿಯ ಹಕ್ಕು. ಅದು ಮದುವೆ ಕಾಗದ, ಜಮೀನಿನ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇರಬೇಕು, ಮೊಬೈಲ್‌ನಲ್ಲೂ ಒಂದು ಫೋಟೊ ಇರಲಿ.

ರಕ್ತ ಕಂಡ ದಿನ, ಬಣ್ಣ, ಎಷ್ಟು ಪ್ಯಾಡ್, ಸಂಪರ್ಕದ ನಂತರವೋ ಮಲವಿಸರ್ಜನೆಯ ನಂತರವೋ, ಇಷ್ಟನ್ನು ಬರೆದುಕೊಂಡು ಸ್ತ್ರೀರೋಗ ತಜ್ಞರಲ್ಲಿಗೆ ಹೋಗಬೇಕು. ಅಂಗಡಿಯಿಂದ ರಕ್ತ ನಿಲ್ಲಿಸುವ ಮಾತ್ರೆ ತಂದು ನುಂಗಬಾರದು. ಯೋನಿಯೊಳಗೆ ಅರಿಶಿನವಾಗಲಿ ಬೇರೆ ಲೇಪವಾಗಲಿ ಇಡಬಾರದು, ನೀರು ಹಾಯಿಸಿ ತೊಳೆಯಲೂ ಬಾರದು. ಒಳಗೆ ನೋಡದೆ ಬರೀ ಮಾತ್ರೆ ಬರೆದು ಕಳಿಸುವ ವೈದ್ಯರು ಸಿಕ್ಕರೆ, ಸ್ಪೆಕ್ಯುಲಮ್ ಪರೀಕ್ಷೆ ಮಾಡಿ ಎಂದು ಕೇಳಲು ಸಂಕೋಚ ಬೇಡ. ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದೂ ಕೇಳಬಹುದು. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ.