ದ್ವಿದಳ ಧಾನ್ಯಗಳು ಮತ್ತು ಶ್ರಾವಕರ ವಿವೇಕ

ಒಡೆದಾಗ ಎರಡು ಬೇಳೆಗಳಾಗುವ ತೊಗರಿ, ಕಡಲೆ, ಹೆಸರು, ಉದ್ದು, ಅವರೆ, ಹುರುಳಿ, ಅಲಸಂದೆ ಮೊದಲಾದವು ದ್ವಿದಳ ಧಾನ್ಯಗಳು. ಮಾಂಸ, ಮೊಟ್ಟೆಗಳನ್ನು ತ್ಯಜಿಸಿದ ಶ್ರಾವಕರಿಗೆ ಸಸಾರಜನಕದ ಮುಖ್ಯ ಆಧಾರ ಇವೇ. ಇವುಗಳಲ್ಲಿ ಸುಮಾರು ಶೇಕಡ 20ರಿಂದ 25ರಷ್ಟು ಸಸಾರಜನಕವಿದೆ. ಅಕ್ಕಿ, ಜೋಳ, ಗೋಧಿಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆಯು ತುಂಬಿಕೊಡುತ್ತದೆ. ಉಪವಾಸದ ಮರುದಿನ ಪಾರಣೆಗೆ ಹೆಸರುಬೇಳೆಯ ತಿಳಿ ಹಗುರವಾದ ಆಹಾರ.

ಇಷ್ಟು ಉಪಕಾರಿಯಾದ ಧಾನ್ಯದ ವಿಷಯದಲ್ಲಿ ಆಚಾರಗ್ರಂಥಗಳು ಎಚ್ಚರಿಕೆ ಹೇಳಿರುವುದೇಕೆ? 13ನೆಯ ಶತಮಾನದ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ವು ಮೂರು ಸಂಗತಿಗಳನ್ನು ನಿಷೇಧಿಸುತ್ತದೆ: ಹಸಿ ಗೋರಸದೊಡನೆ ಬೆರೆತ ದ್ವಿದಳ, ಬಹುಮಟ್ಟಿಗೆ ಹಳೆಯದಾದ ದ್ವಿದಳ, ಮಳೆಗಾಲದಲ್ಲಿ ಒಡೆಯದ ಇಡಿಯ ಕಾಳು.

ಮೊದಲನೆಯದು ಎಲ್ಲರಿಗೂ ಪರಿಚಿತ. ಕಾಯಿಸದ ಹಾಲು, ಮೊಸರು, ಮಜ್ಜಿಗೆಗಳೊಡನೆ ದ್ವಿದಳ ಸೇರಿದಾಗ ಸಮ್ಮೂರ್ಛನ ಜೀವಗಳು ಉತ್ಪನ್ನವಾಗುವುವೆಂಬುದು ಆಗಮಾನುಸಾರಿಗಳ ಶ್ರದ್ಧೆ. ಆದುದರಿಂದಲೇ ಮೊಸರುವಡೆಯಂಥ ತಿನಿಸುಗಳು ವ್ರತಿಕರಿಗೆ ಅಭಕ್ಷ್ಯ. ಯಾವ ಗೋರಸವನ್ನೂ ದ್ವಿದಳದೊಡನೆ ಬೆರೆಸದ ಮನೆಗಳೂ ಉಂಟು. ಗುರುಸನ್ನಿಧಿಯಲ್ಲಿ ಪಡೆದ ನಿಯಮವನ್ನೇ ಅವರವರು ಪಾಲಿಸತಕ್ಕದ್ದು.

ಉಳಿದೆರಡು ನಿಯಮಗಳನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕಾಳಿನ ಹುಳು ತನ್ನ ತತ್ತಿಗಳನ್ನು ಕಾಳಿನ ಸಿಪ್ಪೆಗೆ ಅಂಟಿಸುತ್ತದೆ. ಮರಿಯು ನೇರವಾಗಿ ಒಳಹೊಕ್ಕು, ತಿರುಳನ್ನು ತಿನ್ನುತ್ತ ಅಲ್ಲಿಯೇ ಬೆಳೆಯುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ದುಂಡನೆಯ ರಂಧ್ರ ಮಾಡಿಕೊಂಡು ಹೊರಬರುತ್ತದೆ. ಅಲ್ಲಿಯವರೆಗೆ ಕಾಳು ನೋಡುವವರಿಗೆ ನಿರ್ದೋಷವಾಗಿಯೇ ತೋರುವುದು! ಅದನ್ನು ನೆನೆಸಿ ಬೇಯಿಸಿದರೆ ತ್ರಸಜೀವದ ಘಾತವಾಗುತ್ತದೆ. ಒಡೆದ ಬೇಳೆಯಲ್ಲಾದರೋ ಒಳಭಾಗವು ಕಣ್ಣಿಗೆ ಬೀಳುತ್ತದೆ, ಶೋಧಿಸಲು ಸಾಧ್ಯವಾಗುತ್ತದೆ. ಕಾಳು ಹಳೆಯದಾದಷ್ಟೂ ಹುಳುವಿನ ಸಂತತಿ ಹೆಚ್ಚುವ ಅವಕಾಶವೂ ಅಧಿಕ.

ಆದುದರಿಂದ ಗೃಹಿಣಿಯರು ಗಮನಿಸಬೇಕಾದುದು:

1. ಸುಗ್ಗಿಯಲ್ಲಿ ತಂದ ಶುದ್ಧವಾದ ಕಾಳನ್ನು ಕೂಡಲೆ ಚೆನ್ನಾಗಿ ಒಣಗಿಸಿ, ಮಳೆಗಾಲಕ್ಕೆ ಮೊದಲೇ ಬೇಳೆ ಮಾಡಿಸಿ, ಬಿಗಿಯಾದ ಡಬ್ಬಿಗಳಲ್ಲಿಡುವುದು.

2. ಚಾತುರ್ಮಾಸದಲ್ಲಿ ಇಡಿಯ ಕಾಳನ್ನು ಬಿಟ್ಟು ಬೇಳೆಯನ್ನೇ ಬಳಸುವುದು. ಅದನ್ನೂ ಸ್ವಲ್ಪಸ್ವಲ್ಪವಾಗಿ ತಂದು, ಹಗಲಿನ ಬೆಳಕಿನಲ್ಲಿ ಆರಿಸುವುದು.

3. ಬಿಳಿಯ ಚುಕ್ಕೆಯಂಥ ತತ್ತಿಯಾಗಲಿ ರಂಧ್ರವಾಗಲಿ ಕಂಡ ಕಾಳನ್ನು ಬೇಯಿಸದೆ, ಬೀಸದೆ, ಬಿಸಿಲಿಗೂ ಹಾಕದೆ, ನೆರಳಿನ ನಿರಾಪದ ಸ್ಥಳದಲ್ಲಿ ಬಿಡುವುದು.

ದಶಲಕ್ಷಣ ಪರ್ವವು ಮಳೆಗಾಲದ ಭಾದ್ರಪದದಲ್ಲಿಯೇ ಬರುತ್ತದೆ. ಉಪವಾಸ ಮಾಡಿ, ಪಾರಣೆಯ ದಿನ ಶೋಧಿಸದ ಕಾಳನ್ನು ಒಲೆಗಿಟ್ಟರೆ ವ್ರತದ ಉದ್ದೇಶವೇ ಕೆಡುತ್ತದೆ. ಯತ್ನಾಚಾರವು ಪಾತ್ರೆ ಒಲೆಗೇರುವ ಮೊದಲೇ, ಮೊರದಲ್ಲಿಯೇ ಆರಂಭವಾಗಬೇಕು.